ತಾರಸಿ ಮನೆಯ ಸೆಕೆ: ಮಾಡಿನಲ್ಲೇ ಪರಿಹಾರ

ಸುಬ್ರಹ್ಮಣ್ಯ, ಪಂಜ, ಗುತ್ತಿಗಾರು, ಕಡಬದ ಕಡೆ ಕಳೆದ ಕೆಲವು ದಶಕಗಳಲ್ಲಿ ಹಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಎದ್ದಿವೆ. ಹಂಚು ಬದಲಿಸುವ, ಪಕ್ಕಾಸು ಗೆದ್ದಲು ಹಿಡಿಯುವ ತೊಂದರೆ ತಪ್ಪಿತು ನಿಜ. ಆದರೆ ಮಾರ್ಚ್‌ನಿಂದ ಮೇ ತನಕ ಈ ಮನೆಗಳಲ್ಲಿ ಮಲಗುವವರ ದೂರು ಒಂದೇ: ಹೊರಗೆ ಅಂಗಳ ತಂಪಾದರೂ ಕೋಣೆಯೊಳಗಿನ ಸೆಕೆ ರಾತ್ರಿ ಹನ್ನೊಂದಾದರೂ ಇಳಿಯುವುದಿಲ್ಲ. ಫ್ಯಾನು ಜೋರು ಮಾಡಿದಷ್ಟೂ ಬಿಸಿ ಗಾಳಿಯೇ ಬರುತ್ತದೆ.

ಇದಕ್ಕೆ ಕಾರಣ ಸರಳ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಆ ಶಾಖವನ್ನು ಸಂಜೆಯ ನಂತರ ನಿಧಾನವಾಗಿ ಕೋಣೆಗೆ ಬಿಡುತ್ತದೆ. ಘಟ್ಟದ ಬುಡದ ನಮ್ಮ ಪ್ರದೇಶದ ಹವೆಯಲ್ಲಿ ತೇವ ಹೆಚ್ಚು. ಆದ್ದರಿಂದ ಬೆವರು ಆರದೆ ಸೆಕೆ ಇನ್ನಷ್ಟು ಕಾಡುತ್ತದೆ. ಹಳೆಯ ಮನೆಗಳಲ್ಲಿ ಹಂಚಿಗೂ ಕೋಣೆಗೂ ನಡುವೆ ಮರದ ಮುಚ್ಚಿಗೆ ಮತ್ತು ಅಟ್ಟ ಇರುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಜಿಲ್ಲೆಯಲ್ಲೆಲ್ಲ ಹರಡಿದ ಈ ಹಂಚಿನ ಸಂದುಗಳಲ್ಲಿ ಗಾಳಿಯೂ ಆಡುತ್ತಿತ್ತು. ಅಟ್ಟದಲ್ಲಿ ಕಾದ ಗಾಳಿ ಅಲ್ಲಿಂದಲೇ ಹೊರಹೋಗುತ್ತಿತ್ತು. ತಾರಸಿ ಕಟ್ಟುವಾಗ ನಾವು ಕಳೆದುಕೊಂಡದ್ದು ಈ ಅಟ್ಟವನ್ನು.

ನಿಯಮ ಏನು ಹೇಳುತ್ತದೆ?

ವಾಸದ ಮನೆಗಳಿಗಾಗಿ ಕೇಂದ್ರದ ಇಂಧನ ದಕ್ಷತೆ ಬ್ಯೂರೋ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ಸಂಹಿತೆಯನ್ನು ಹೊರತಂದಿತು. ಅದು 500 ಚದರ ಮೀಟರ್, ಅಂದರೆ ಸುಮಾರು ಹನ್ನೆರಡೂವರೆ ಸೆಂಟ್ಸ್ ಅಥವಾ ಹೆಚ್ಚಿನ ನಿವೇಶನದ ಮನೆಗಳನ್ನು ಉದ್ದೇಶಿಸಿದ್ದು. ಇಂಧನ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ವಾಸದ ಕಟ್ಟಡಗಳನ್ನೂ ಇಂತಹ ಸಂಹಿತೆಯ ವ್ಯಾಪ್ತಿಗೆ ತರಲು ದಾರಿ ಮಾಡಿತು. ಆದರೂ ರಾಜ್ಯ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ಕಟ್ಟಡ ನಿಯಮಗಳಲ್ಲಿ ಸೇರಿಸಿಕೊಂಡಲ್ಲಿ ಮಾತ್ರ ಅದು ಮನೆ ಕಟ್ಟುವವರಿಗೆ ಕಡ್ಡಾಯವಾಗುತ್ತದೆ. ಹೊಸ ಮನೆಯ ಪರವಾನಗಿಗೆ ಹೋದಾಗ ಪಂಚಾಯತಿಯಲ್ಲಿ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಡ್ಡಾಯ ಇರಲಿ ಇಲ್ಲದಿರಲಿ, ಅದರ ಎರಡು ಅಳತೆಗಳು ನಮಗೆ ಉಪಯುಕ್ತ.

ಮೊದಲನೆಯದು ಮಾಡಿನದು. ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸ ಇರುವಾಗ ಒಂದು ಚದರ ಮೀಟರ್ ಮಾಡಿನ ಮೂಲಕ ಹಾಯುವ ಶಾಖ 1.2 ವಾಟ್ ಮೀರಬಾರದು ಎಂದು ಸಂಹಿತೆ ಹೇಳುತ್ತದೆ. ಐದು ಅಂಗುಲದ ಬರಿಯ ಕಾಂಕ್ರೀಟ್ ತಾರಸಿಯಲ್ಲಿ ಇದು ಸುಮಾರು ಮೂರೂವರೆ ವಾಟ್. ಅಂದರೆ ಮಿತಿಯ ಮೂರು ಪಾಲಿನಷ್ಟು. ತಾರಸಿಯ ಮೇಲೆ ಒಂದು ಅಂಗುಲ ದಪ್ಪದ, ನೀರು ಹೀರದ ಥರ್ಮಾಕೋಲ್ ಜಾತಿಯ ಗಟ್ಟಿ ಹಲಗೆ ಹಾಸಿ, ಮೇಲೆ ಗಾರೆ ಹಾಕಿದರೆ ಮಿತಿಯೊಳಗೆ ಬರುತ್ತದೆ. ಎರಡನೆಯದು ಗಾಳಿಯದು. ನಮ್ಮ ಕರಾವಳಿಯಂತಹ ಬಿಸಿ-ತೇವದ ವಲಯದಲ್ಲಿ ತೆರೆಯಬಲ್ಲ ಕಿಟಕಿ, ವೆಂಟಿಲೇಟರ್ ಮತ್ತು ಹೊರಬಾಗಿಲುಗಳು ಒಟ್ಟು ನೆಲದ ಆರನೇ ಒಂದು ಭಾಗದಷ್ಟಾದರೂ ಇರಬೇಕು. ಹತ್ತು-ಹನ್ನೆರಡು ಅಡಿಯ ಕೋಣೆಗೆ ಲೆಕ್ಕ ಹಾಕಿದರೆ 20 ಚದರ ಅಡಿ. ಈಗ ಎಲ್ಲರೂ ಇಷ್ಟಪಡುವ ಜಾರುಗಾಜಿನ ಕಿಟಕಿ ಎರಡು ಹಲಗೆಯದಾದರೆ ಅರ್ಧ ಮಾತ್ರ ತೆರೆಯುತ್ತದೆಂಬುದನ್ನು ಮರೆಯಬಾರದು.

ಶೀಟಿನ ಮಾಡು

ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮಲ್ಲಿ ಹಲಗೆ ಹಾಸುವ ಕ್ರಮ ಸ್ವಲ್ಪ ನಾಜೂಕು. ಗಾರೆ ಬಿರಿದು ನೀರು ಇಳಿದರೆ ಸೋರುವ ಜಾಗ ಹುಡುಕುವುದೇ ಕಷ್ಟ. ಇಲ್ಲಿನ ರೈತರು ತಾವಾಗಿಯೇ ಕಂಡುಕೊಂಡ ದಾರಿ, ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಶೀಟಿನ ಮಾಡು, ಹೆಚ್ಚು ಅನುಕೂಲವೆಂದು ನಮ್ಮ ಅಭಿಪ್ರಾಯ. ಮಳೆಗೂ ಅಡಿಕೆಗೂ ಎಂದು ಹಾಕಿಸಿದ ಈ ಮಾಡೇ ಕಳೆದುಹೋದ ಅಟ್ಟದ ಕೆಲಸ ಮಾಡಬಲ್ಲದು. ಆದರೆ ನೆರಳಿನ ಜೊತೆಗೆ ಗಾಳಿಯೂ ಬೇಕು. ಬದಿಗಳನ್ನು ಟಾರ್ಪಾಲಿನಿಂದ ವರ್ಷವಿಡೀ ಮುಚ್ಚಿದರೆ ಶೀಟಿನಡಿಯ ಬಿಸಿ ಗಾಳಿ ಅಲ್ಲೇ ನಿಂತು ತಾರಸಿಯನ್ನು ಕಾಯಿಸುತ್ತದೆ. ಮಳೆಗಾಲದ ಇರಿಚಲಿಗೆ ಕಟ್ಟಿದ ಟಾರ್ಪಾಲನ್ನು ಬೇಸಿಗೆಗೆ ಮೊದಲು ಬಿಚ್ಚಬೇಕು. ಒಣ ಸಿಪ್ಪೆ, ಸೋಗೆ, ಗೋಣಿಗಳನ್ನು ಅಲ್ಲಿ ರಾಶಿ ಹಾಕಿದರೆ ಬೆಂಕಿಯ ಅಪಾಯವೂ ಇದೆ. ಸಿಡಿಲಿನ ಊರಾದ್ದರಿಂದ ಚೌಕಟ್ಟಿಗೆ ಅರ್ಥಿಂಗ್ ಮಾಡಿಸದೆ ಬಿಡಬಾರದು.

ಒಂದು ತೊಡಕು ಇದೆ. ಚಾಲಿ ಅಡಿಕೆ ಒಣಗಲು 40–45 ದಿನದ ಬಿಸಿಲು ಬೇಕು. ಅದಕ್ಕಾಗಿ ಹಲವರು ತಾರಸಿಯ ಮೇಲೆ ಪಾರದರ್ಶಕ ಶೀಟು ಹಾಕಿಸಿದ್ದಾರೆ. ಅಡಿಕೆಗೆ ಬೇಕಾದ ಬಿಸಿಲು ಮಲಗುವ ಕೋಣೆಗೆ ಬೇಡ. ಅಡಿಕೆ ಹರವಿರುವಷ್ಟು ದಿನ ಅದೇ ತಾರಸಿಗೆ ನೆರಳಾಗುತ್ತದೆ. ಅದನ್ನು ತೆಗೆದು ಗೋಣಿಗೆ ತುಂಬುವ ಹೊತ್ತಿಗೆ ಸರಿಯಾಗಿ ಕಡು ಬೇಸಿಗೆ ಬರುತ್ತದೆ. ಬರಿ ತಾರಸಿ ಗಾಜಿನ ಮನೆಯಂತೆ ಕಾಯುತ್ತದೆ. ಆಗ ನರ್ಸರಿಗೆ ಬಳಸುವ ನೆರಳು ಬಲೆಯನ್ನು ಶೀಟಿನ ಮೇಲೆ, ಆಗದಿದ್ದರೆ ಕೆಳಗೆ, ಎಳೆದು ಕಟ್ಟಬೇಕು. ಹೊಸದಾಗಿ ಹಾಕಿಸುವವರು ಪಾರದರ್ಶಕ ಶೀಟನ್ನು ಉಗ್ರಾಣ, ಕೊಟ್ಟಿಗೆ ಅಥವಾ ಅಂಗಳದ ಮೇಲಕ್ಕೆ ಮಾತ್ರ ಇಟ್ಟುಕೊಳ್ಳುವುದು ಲೇಸು.

ಶೀಟಿಗೆ ಹಣ ಒದಗದವರು ಜನವರಿ–ಫೆಬ್ರವರಿಯಲ್ಲಿ ತಾರಸಿಯ ಪಾಚಿಯನ್ನು ಉಜ್ಜಿ ತೆಗೆದು ಎರಡು ಕೈ ಬಿಳಿ ಸುಣ್ಣ ಬಳಿಯಬಹುದು. ಹೊಸ ಸುಣ್ಣ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಮಳೆಗಾಲ ಕಳೆದರೆ ಕಪ್ಪಾಗುತ್ತದೆ. ಪ್ರತಿ ವರ್ಷ ಬಳಿಯಬೇಕು.

ಬಾಡಿಗೆ ಮನೆ ಮತ್ತು ಬಿಡಾರ

ಇಂಗ್ಲೆಂಡಿನಲ್ಲಿ ನಿಗದಿತ ದರ್ಜೆಗಿಂತ ಕೆಳಗಿನ ಇಂಧನ ದಕ್ಷತೆಯ ಮನೆಯನ್ನು ಬಾಡಿಗೆಗೆ ಕೊಡುವುದಕ್ಕೆ 2018ರಿಂದ ನಿರ್ಬಂಧವಿದೆ. ಅಲ್ಲಿನ ಚಿಂತೆ ಚಳಿಯದು. ನಮ್ಮಲ್ಲಿ ತೋಟದ ಕೆಲಸದವರ ಬಿಡಾರಕ್ಕೆ ಎಷ್ಟೋ ಕಡೆ ಸಿಮೆಂಟ್ ಶೀಟೇ ಮಾಡು, ಅದೂ ತಲೆಗೆ ತಾಗುವಷ್ಟು ತಗ್ಗಿನಲ್ಲಿ. ತೋಟದಲ್ಲಿ ದಣಿದು ಬಂದವನಿಗೆ ರಾತ್ರಿ ನಿದ್ದೆ ಇಲ್ಲದಿದ್ದರೆ ಮರುದಿನ ಅಡಿಕೆ ಮರ ಏರುವ ಕೆಲಸ ಅಪಾಯಕರ. ಶೀಟಿನ ಕೆಳಗೆ ಒಂದಡಿ ಬಿಟ್ಟು ಅಡಿಕೆ ಮರದ ಸೀಳುಗಳ ಮುಚ್ಚಿಗೆ ಮಾಡಿ, ಎರಡು ತುದಿಗಳಲ್ಲಿ ಗಾಳಿಗೆ ಕಿಂಡಿ ಬಿಟ್ಟರೆ ಕಡಿಮೆ ಖರ್ಚಿನಲ್ಲಿ ಸೆಕೆ ತಗ್ಗುತ್ತದೆ. ಹಳೆಯ ಕಲ್ನಾರಿನ ಶೀಟುಗಳನ್ನು ಕೊರೆಯುವುದು, ಒಡೆಯುವುದು ಮಾತ್ರ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. 75 ವಾಟ್‌ನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್; 30 ವಾಟ್‌ನ ಬಿ.ಎಲ್.ಡಿ.ಸಿ. ಫ್ಯಾನಿಗೆ 11 ಯೂನಿಟ್ ಸಾಕು. ಮೂರು ಫ್ಯಾನಿನ ಮನೆಯಲ್ಲಿ ಸುಮಾರು 48 ಯೂನಿಟ್ ಉಳಿಯುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಚೀಟಿ ಕಡ್ಡಾಯ. ಅದನ್ನು ನೋಡಿ ಕೊಳ್ಳಬೇಕು. ಅದೇ ವರ್ಷ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪ್ರಮಾಣ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ತಕ್ಕಂತೆ ನಿಗದಿಯಾಗಿದೆ. ಅದನ್ನು ಮೀರಿದ್ದಕ್ಕೆ ಹಣ ಕೊಡಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಸೆಕೆಯ ತಿಂಗಳುಗಳಲ್ಲಿ ಈ ಗೆರೆ ದಾಟುವುದು ಸುಲಭ.

ಬಾಡಿಗೆದಾರರಿಗೂ ಈ ಸೌಲಭ್ಯ ಇದೆ, ಆದರೆ ಅದು ಮೀಟರಿಗೆ ಸಂಬಂಧಿಸಿದ್ದು. ನಾಲ್ಕು ಬಿಡಾರಗಳಿಗೆ ಒಂದೇ ಮೀಟರ್ ಇಟ್ಟರೆ ಎಲ್ಲರ ಬಳಕೆ ಕೂಡಿ ಯಾರಿಗೂ ಪ್ರಯೋಜನ ಸಿಗದೆ ಹೋಗಬಹುದು. ಪ್ರತಿ ಸಂಸಾರಕ್ಕೆ ಪ್ರತ್ಯೇಕ ಮೀಟರ್ ಬೇಕೆಂದು ಮನೆಯ ಯಜಮಾನರು ಮೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಮಾಡಿನ ಕೆಲಸವನ್ನಂತೂ ಪತ್ತನಾಜೆಗೆ ಮೊದಲೇ ಮುಗಿಸಿಕೊಳ್ಳಬೇಕು. ಮಳೆ ಹಿಡಿದ ಮೇಲೆ ಬೆಸುಗೆಯವರು ಸಿಕ್ಕಿದರೂ ಕೆಲಸ ಸಾಗುವುದಿಲ್ಲ.