ಹೊಡೆದಾಟದ ಗೇಮೆಲ್ಲಾ ಒಂದೇನಾ?

ಇವತ್ತು ರಾಜಕೀಯ ಬೇಡ. ವಿಧಾನಸೌಧ ಎಲ್ಲೂ ಓಡಿಹೋಗಲ್ಲ, ನಾಳೆ ನೋಡಿಕೊಳ್ಳೋಣ. ಇವತ್ತು ವಿಡಿಯೋ ಗೇಮ್ ಬಗ್ಗೆ ಮಾತಾಡ್ತೀನಿ. ಮಕ್ಕಳಾಟ ಅಂತ ಚಾನೆಲ್ ಬದಲಾಯಿಸಬೇಡಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಂತೂ ಸ್ವಲ್ಪ ಮುಂದೆ ಬಂದು ಕೂತ್ಕೊಳ್ಳಿ. ಸುತ್ತಿ ಬಳಸಿ ಮಾತು ನಿಮ್ಮ ಕೋಟೆಗೇ ಬರುತ್ತೆ.

ಮನೆಯಲ್ಲಿ ಹದಿನೈದು ವರ್ಷದ ಹುಡುಗ ಇದ್ದರೆ ನಿಮಗೆ ಗೊತ್ತಿರುತ್ತೆ. ಸ್ಟ್ರೀಟ್ ಫೈಟರ್ ದೊಡ್ಡದೋ, ಟೆಕ್ಕನ್ ದೊಡ್ಡದೋ, ಮಾರ್ಟಲ್ ಕಾಂಬ್ಯಾಟ್ ದೊಡ್ಡದೋ ಅಂತ ಸ್ನೇಹಿತರ ಜೊತೆ ಜಗಳ. ಭೀಮಸಮುದ್ರದಲ್ಲಿ ಅಡಿಕೆ ರೇಟಿಗೂ ಅಷ್ಟು ಜೋರಾಗಿ ವಾದ ನಡೆಯಲ್ಲ. ಅಪ್ಪ ಅಮ್ಮನ ಕಣ್ಣಿಗೆ ಎಲ್ಲಾ ಒಂದೇ. ಇಬ್ಬರು ಬಡಿದಾಡ್ತಾರೆ, ಒಬ್ಬ ಬೀಳ್ತಾನೆ. ಅಲ್ಲಾ ಸ್ವಾಮಿ, ಹಾಗೆ ನೋಡಿದರೆ ಕುಸ್ತಿಯೂ ಕಬಡ್ಡಿಯೂ ಒಂದೇ ಆಗಬೇಕಲ್ಲ? ಎರಡರಲ್ಲೂ ಹಿಡಿಯೋದು, ಕೆಡವೋದು ತಾನೇ?

ಮೊದಲು ಸ್ಟ್ರೀಟ್ ಫೈಟರ್. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಶುರು ಮಾಡಿತು. ಜಗತ್ತು ತಿರುಗಿ ನೋಡಿದ್ದು 1991ರ ಎರಡನೇ ಭಾಗವನ್ನ. ಆರಿಸಿಕೊಳ್ಳೋಕೆ ಎಂಟು ಜನ. ಬಟನ್ ಆರು: ಮೂರು ಗುದ್ದಿಗೆ, ಮೂರು ಒದೆಗೆ. ಆದರೆ ಈ ಆಟದ ಜೀವ ಇರೋದು ಹೊಡೆತಕ್ಕಿಂತ ಹೆಚ್ಚಾಗಿ ಅಂತರದಲ್ಲಿ. ಎದುರಾಳಿಯಿಂದ ಎಷ್ಟು ದೂರ ನಿಲ್ಲಬೇಕು, ಅದೇ ಲೆಕ್ಕ. ರ್ಯೂ ಅಂಗೈಯಿಂದ ಶಕ್ತಿಯ ಉಂಡೆ ಬಿಡ್ತಾನೆ. ನೀವು ಹಾರಿ ದಾಟಿದರೆ, ಇಳಿಯೋ ಜಾಗದಲ್ಲಿ ಅವನ ಮುಷ್ಟಿ ಕಾದಿರುತ್ತೆ. ರಷ್ಯಾದ ಪೈಲ್ವಾನ್ ಝಂಗೀಫ್ ಕೈಗೆ ಸಿಕ್ಕರೆ ಕಥೆ ಮುಗೀತು. ಆದರೆ ಹತ್ತಿರ ಬರೋದೇ ಅವನ ಕಷ್ಟ. ಅವನೆದುರು ಕೈಕಾಲನ್ನ ರಬ್ಬರಿನ ಹಾಗೆ ಎಳೆಯೋ ಧಲ್ಸಿಮ್ ನಿಂತರೆ? ದೂರದಿಂದಲೇ ಚುಚ್ಚಿ ಚುಚ್ಚಿ ಸುಸ್ತು ಮಾಡ್ತಾನೆ. ಈ ಇಬ್ಬರ ಒಂದು ಪಂದ್ಯ ನೋಡಿ, ಇಡೀ ಸರಣಿ ಅರ್ಥವಾಗುತ್ತೆ.

ಮಾರ್ಟಲ್ ಕಾಂಬ್ಯಾಟ್ ದಾರಿಯೇ ಬೇರೆ. 1992ರಲ್ಲಿ ಅಮೆರಿಕದ ಮಿಡ್‌ವೇ ಕಂಪನಿಯಲ್ಲಿ ಎಡ್ ಬೂನ್, ಜಾನ್ ಟೊಬಾಯಸ್ ಕಟ್ಟಿದ್ದು. ನಿಜವಾದ ನಟರನ್ನ ಕ್ಯಾಮೆರಾ ಮುಂದೆ ನಿಲ್ಲಿಸಿ, ಆ ಚಿತ್ರಗಳನ್ನೇ ಆಟಕ್ಕೆ ಹಾಕಿದರು. ಹುಡುಗರು ಪ್ರಾಣ ಬಿಡೋ ಸ್ಕಾರ್ಪಿಯನ್, ಸಬ್‌ಝೀರೋ ಇದ್ದಾರಲ್ಲ, ಮೊದಲ ಆಟದಲ್ಲಿ ಇಬ್ಬರೂ ಒಬ್ಬನೇ ನಟ. ಒಬ್ಬನಿಗೆ ಹಳದಿ ಬಟ್ಟೆ, ಇನ್ನೊಬ್ಬನಿಗೆ ನೀಲಿ. ನಮ್ಮ ಹಳೇ ಸಿನಿಮಾದ ಡಬಲ್ ಆಕ್ಟಿಂಗ್ ಅನ್ನಿ! ಇಲ್ಲಿ ಜನ ಸೇರಿದ್ದು ಗೆದ್ದ ಮೇಲಿನ ಆಟಕ್ಕೆ. ಸೋತು ತೂರಾಡ್ತಾ ನಿಂತವನನ್ನ ಹೇಗೆ ಮುಗಿಸ್ತೀರಿ? ಅದಕ್ಕೆ ಫೇಟಾಲಿಟಿ ಅಂತ ಹೆಸರು. ತಲೆ ಕೀಳೋದು, ಎದೆ ಬಗೆಯೋದು. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಮರುವರ್ಷ ಗೇಮುಗಳಿಗೆ ವಯಸ್ಸಿನ ದರ್ಜೆ ಹಾಕೋ ಇಎಸ್‌ಆರ್‌ಬಿ ಹುಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಪಾತ್ರಗಳು ಚೆನ್ನಾಗಿವೆ, ಆ ಮುಗಿಸೋ ಚಟ ನನಗೆ ಹಿಡಿಸಲ್ಲ. ಬಿದ್ದವನ ಮೇಲೆ ಕೈ ಮಾಡು ಅಂತ ಯಾವ ಗರಡಿಮನೆಯಲ್ಲೂ ಹೇಳಿಕೊಡಲ್ಲ.

ಟೆಕ್ಕನ್ 1994ರದ್ದು, ನಾಮ್ಕೊ ಕಂಪನಿಯದ್ದು. ನಾಲ್ಕೇ ಬಟನ್. ಎಡಗೈ, ಬಲಗೈ, ಎಡಗಾಲು, ಬಲಗಾಲು. ಒಬ್ಬೊಬ್ಬ ಪಾತ್ರಕ್ಕೂ ರಾಶಿ ರಾಶಿ ಪಟ್ಟು, ನೆನಪಿಟ್ಟುಕೊಂಡವನೇ ಗೆಲ್ಲೋದು. ಕಥೆಯೋ, ನಮ್ಮ ಸಂಜೆ ಸೀರಿಯಲ್‌ಗೇ ಅಪ್ಪ. ಹೈಹಾಚಿ ಮಿಶಿಮಾ ಐದು ವರ್ಷದ ಮಗ ಕಝುಯಾನನ್ನ ಬೆಟ್ಟದ ತುದಿಯಿಂದ ಎಸೀತಾನೆ. ಮಗ ಬದುಕಿ ಬಂದು ಅಪ್ಪನನ್ನೇ ಎಸೀತಾನೆ. 2024ರ ಟೆಕ್ಕನ್ 8ರಲ್ಲಿ ಕಝುಯಾ ತನ್ನ ಮಗ ಜಿನ್ ಎದುರು ನಿಂತಿದ್ದಾನೆ. ಮೂವತ್ತು ವರ್ಷದಿಂದ ಒಂದೇ ಮನೆಯ ಜಗಳ, ಪಾಲುಪಾರಿಕತ್ತು ಇನ್ನೂ ಆಗಿಲ್ಲ.

ನಲವತ್ತು ದಾಟಿದವರಿಗೆ ಇವೆಲ್ಲಕ್ಕಿಂತ ಚೆನ್ನಾಗಿ ನೆನಪಿರೋದು ಕಿಂಗ್ ಆಫ್ ಫೈಟರ್ಸ್ 97. ವಿಡಿಯೋ ಗೇಮ್ ಅಂಗಡಿ, ಕಾಯಿನ್ ಹಾಕೋ ಮಿಷನ್, ಆಡೋನು ಒಬ್ಬ, ಹಿಂದೆ ನಿಂತು ಸಲಹೆ ಕೊಡೋರು ಹತ್ತು ಜನ. ನಾನು ಆ ಹತ್ತರಲ್ಲಿ ಒಬ್ಬ. ಇಯೋರಿ ಅನ್ನೋ ಹೆಸರು ಯಾರಿಗೆ ಬರ್ತಿತ್ತು? 'ಕೆಂಪು ಕೂದಲಿನವನು' ಅಂದರೆ ಸಾಕಿತ್ತು. ಇದರ ಕಂಪನಿ ಎಸ್‌ಎನ್‌ಕೆ. ಮೊದಲ ಸ್ಟ್ರೀಟ್ ಫೈಟರ್ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಕ್ಯಾಪ್‌ಕಾಮ್ ಬಿಟ್ಟು ಇಲ್ಲಿಗೇ ಬಂದು ಫೇಟಲ್ ಫ್ಯೂರಿ ಅನ್ನೋ ಸರಣಿ ಕಟ್ಟಿದರು. ಅದರ ನಾಯಕ ಟೆರ್ರಿ ಬೊಗಾರ್ಡ್. ಎಸ್‌ಎನ್‌ಕೆಯ ಇನ್ನೊಂದು ಆಟದ ಪಾತ್ರಗಳು ರ್ಯೂನ ಹಾಗೇ ಕಾಣ್ತಿದ್ದವು. ಕ್ಯಾಪ್‌ಕಾಮ್ ಬಿಡ್ತಾ? ಅವರನ್ನೇ ಅಣಕಿಸೋಕೆ 1995ರಲ್ಲಿ ಡಾನ್ ಅನ್ನೋ ಪಾತ್ರ ಮಾಡಿತು. ಗುಲಾಬಿ ಬಟ್ಟೆ, ಬಾಯಿ ತುಂಬ ಜಂಬ, ಅವನು ಬಿಡೋ ಶಕ್ತಿಯ ಉಂಡೆ ನಾಲ್ಕು ಹೆಜ್ಜೆಗೇ ಠುಸ್. ಆಮೇಲೆ ಅದೇ ಕಂಪನಿಗಳು ರಾಜಿಯಾಗಿ ಜಂಟಿ ಆಟ ತಂದವು. 2024ರಲ್ಲಿ ಟೆರ್ರಿಯೇ ಸ್ಟ್ರೀಟ್ ಫೈಟರ್ 6ಕ್ಕೆ ಅತಿಥಿಯಾಗಿ ಬಂದ. ನಮ್ಮ ಸಮ್ಮಿಶ್ರ ಸರ್ಕಾರ ನೆನಪಾಯ್ತಾ? ರಾಜಕೀಯ ಬೇಡ ಅಂದಿದ್ದೆ, ಬಿಡಿ.

ಈಗ ಪಾತ್ರಕ್ಕೆ ಬರೋಣ. ಬರೀ ಶಕ್ತಿ ಇದ್ದರೆ ಒಳ್ಳೆಯ ಪಾತ್ರ ಆಗಲ್ಲ. ಅವನ ಮೈ, ಅವನ ಕೆಲಸ, ಅವನು ಜಗಳಕ್ಕೆ ಇಳಿದ ಕಾರಣ, ಈ ಮೂರೂ ಸೇರಿ ಅವನಿಗೇ ಸ್ವಂತದ ಒಂದು ಹೊಡೆತ ಹುಟ್ಟಬೇಕು. ಈ ಅಳತೆಗೆ ನಮ್ಮ ದುರ್ಗದ ಓಬವ್ವನನ್ನ ಇಟ್ಟು ನೋಡಿ. ಕಹಳೆಯವನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋಗಿದ್ದಾಳೆ. ಹೈದರಾಲಿಯ ಸೈನಿಕರು ಬಂಡೆಯ ಸಂದಿಯಲ್ಲಿ ನುಸುಳಿ ಬರ್ತಿದ್ದಾರೆ. ಕೈಯಲ್ಲಿ ಕತ್ತಿಯಿಲ್ಲ, ದಿನಾ ಭತ್ತ ಕುಟ್ಟೋ ಒನಕೆ. ಆ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ, ಅದೂ ತಲೆ ಬಗ್ಗಿಸಿ ಬರಬೇಕು. ಕೋಟೆ ಹತ್ತಿದವರು ಆ ಜಾಗ ನೋಡಿದ್ದೀರಿ. ಸೈನ್ಯದ ಸಂಖ್ಯೆ ಅಲ್ಲಿ ಲೆಕ್ಕಕ್ಕೇ ಇಲ್ಲ. ಅಂತರ ಇವಳ ಕೈಯಲ್ಲಿದೆ, ಸಮಯ ಇವಳ ಕೈಯಲ್ಲಿದೆ. ಸ್ಟ್ರೀಟ್ ಫೈಟರ್ ಆಡೋ ಹುಡುಗನಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಥಟ್ ಅಂತ ಹಿಡೀತಾನೆ. 1972ರ ನಾಗರಹಾವು ಸಿನಿಮಾದಲ್ಲಿ ಪುಟ್ಟಣ್ಣ ಕಣಗಾಲರು ಜಯಂತಿಯವರ ಕೈಗೆ ಆ ಒನಕೆ ಕೊಟ್ಟಾಗ ಇಡೀ ಕರ್ನಾಟಕಕ್ಕೆ ಆ ಭಂಗಿ ಅಚ್ಚೊತ್ತಿತು. ಇವತ್ತಿಗೂ ಕಪ್ಪು ನೆರಳು ತೋರಿಸಿದರೆ ಸಾಕು, ಯಾರು ಅಂತ ಹೇಳ್ತೀವಿ. ಗೇಮ್ ಪಾತ್ರಕ್ಕೆ ಬೇಕಾದ್ದೂ ಅದೇ ಗುರುತು.

ಅದೇ ಅಳತೆಗೆ ಧಲ್ಸಿಮ್‌ನನ್ನ ಇಡಿ. ಈ ಸರಣಿಗಳಲ್ಲಿ ಜಗತ್ತಿಗೆ ಗೊತ್ತಿರೋ ಭಾರತೀಯ ಅಂದರೆ ಇವನೇ. ಕತ್ತಿನಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಹಿಂದೆ ಸಾಲಾಗಿ ಆನೆ, ಹೆಂಡತಿ ಹೆಸರು ಸ್ಯಾಲಿ! ನಗು ಬರುತ್ತಾ? ನನಗೂ ಬರುತ್ತೆ. ಆದರೆ ಕಥೆ ಓದಿದರೆ ಆಸಾಮಿ ಒಳ್ಳೆಯವನು. ಅವನಿಗೆ ಹೊಡೆದಾಟ ಇಷ್ಟವಿಲ್ಲ, ಬಡ ಹಳ್ಳಿಗೆ ದುಡ್ಡು ಬೇಕು ಅಂತ ಕಣಕ್ಕೆ ಇಳಿದವನು. ಅವನ ಆಟವೂ ಸೊಗಸು. ವೇಷ ಮಾತ್ರ ದೂರದಿಂದ ನಮ್ಮನ್ನ ನೋಡಿದವರು ಹೊಲಿದದ್ದು. ಬ್ರೆಜಿಲ್‌ನ ಎಡ್ಡಿ ಗೋರ್ಡೊಗೆ ಟೆಕ್ಕನ್‌ನವರು ಅವರ ನೆಲದ ಕಾಪೊಯೆರಾ ವಿದ್ಯೆಯನ್ನೇ ಕೊಟ್ಟರು. ನಮ್ಮ ಗರಡಿ ಕುಸ್ತಿ, ಕಳರಿಪಯಟ್ಟು ಯಾರ ಕಣ್ಣಿಗೂ ಬೀಳಲಿಲ್ವಾ? ಬೇರೆಯವರನ್ನ ಬೈದು ಏನು ಪ್ರಯೋಜನ, ಬರೆಯೋರು ಇಲ್ಲಿಂದ ಬರಬೇಕು.

ಆಡೋರೂ ಬರಬೇಕು. 2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ವೀಸಾ ತೊಂದರೆ, ವಿಮಾನದ ತೊಂದರೆ ಎಲ್ಲಾ ದಾಟಿ ಜಪಾನಿಗೆ ಹೋಗಿ ಇವೋ ಜಪಾನ್ ಟೂರ್ನಿಯಲ್ಲಿ ಟೆಕ್ಕನ್ ಗೆದ್ದ. ಅದೇ ವರ್ಷ ಲಾಸ್ ವೇಗಸ್‌ನ ಇವೋ ಕೂಡ ಗೆದ್ದ. ನಮ್ಮೂರಲ್ಲಿ ಇನ್ನೂ ಗಟ್ಟಿ ಆಟಗಾರರಿದ್ದಾರೆ ಅಂತ ಅವನು ಹೇಳಿದಾಗ ಜನ ನಂಬಲಿಲ್ಲ. ಕೊರಿಯಾದ ದಿಗ್ಗಜ 'ನೀ' ಲಾಹೋರಿಗೇ ಹೋಗಿ ಆಡಿ ಸೋತ ಮೇಲೆ ನಂಬಿದರು. ಅಲ್ಲಿದ್ದದ್ದು ಏನು? ಗೇಮ್ ಅಂಗಡಿಗಳು, ಒಟ್ಟಿಗೆ ಆಡೋ ಹುಡುಗರು. ನಮ್ಮಲ್ಲೂ ಅದು ಇತ್ತು, ಅಂಗಡಿಗಳು ಮುಚ್ಚಿದವು, ಹುಡುಗರು ಒಬ್ಬೊಬ್ಬರೇ ಮೊಬೈಲ್ ಹಿಡಿದು ಮೂಲೆ ಸೇರಿದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್‌ಗೆ ಚಿನ್ನದ ಪದಕ ಇತ್ತು. ಗೆದ್ದವರು ಕೊರಿಯಾದ ಕಿಮ್ ಗ್ವಾನ್‌ವೂ, ವಯಸ್ಸು 44. ಹುಡುಗಾಟ ಅನ್ನೋರು ಆ ವಯಸ್ಸು ಗಮನಿಸಿ.

ಅಪ್ಪ ಅಮ್ಮಂದಿರು ಒಂದು ವಿಷಯ ಬೆರೆಸಬೇಡಿ. ರಮ್ಮಿ, ಬೆಟ್ಟಿಂಗ್ ಆ್ಯಪ್ ಬೇರೆ, ಇದು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಮಗ ದುಡ್ಡು ಕಟ್ತಿದ್ದಾನಾ ಅಂತ ಕೇಳಿ, ಜೋರಾಗೇ ಕೇಳಿ. ಆಮೇಲೆ ಡಬ್ಬಿಯ ಮೇಲಿನ ಅಕ್ಷರ ನೋಡಿ. ಸ್ಟ್ರೀಟ್ ಫೈಟರ್ 6, ಟೆಕ್ಕನ್ 8ಕ್ಕೆ 'ಟಿ' ದರ್ಜೆ, ಅಂದರೆ 13 ದಾಟಿದವರಿಗೆ. ಮಾರ್ಟಲ್ ಕಾಂಬ್ಯಾಟ್‌ಗೆ 'ಎಂ', 17 ದಾಟಬೇಕು. ಏಳನೇ ಕ್ಲಾಸಿನ ಹುಡುಗನ ಕೈಯಲ್ಲಿ 'ಎಂ' ಇದ್ದರೆ ಕಿತ್ತುಕೊಳ್ಳಿ, ನನ್ನ ಹೆಸರು ಹೇಳಿ.

'ಟಿ' ಇದ್ದರೆ ಪಕ್ಕದಲ್ಲಿ ಕೂತು ಒಂದು ಪಂದ್ಯ ಆಡಿ ನೋಡಿ. ಟೆಕ್ಕನ್ ಆದರೆ ಎಡ್ಡಿ ಗೋರ್ಡೊನ ತಗೊಳ್ಳಿ. ಯಾವ ಬಟನ್ ಒತ್ತಿದರೂ ಏನೋ ಒಂದು ಒದೆ ಬೀಳುತ್ತೆ. ಮಗ ಅದು ಮೋಸ ಅಂತಾನೆ, ಕಿವಿಗೆ ಹಾಕ್ಕೋಬೇಡಿ.