ಕಣ್ಣಿಗೆ ಕಾಣದ ಶೇಷ, ಕೈತಪ್ಪುವ ಮಾರುಕಟ್ಟೆ

ರಾಯಚೂರು ಜಿಲ್ಲೆಯ ಕೃಷಿ ಎಂದೊಡನೆ ನೆನಪಾಗುವುದು ಸಿಂಧನೂರಿನ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅಲ್ಲಿನ ಬೆಳೆಯನ್ನು ನಿರ್ಧರಿಸಿದೆ. ಆದರೆ ಕಾಲುವೆ ನೀರು ತಲುಪದ ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಭೂಮಿಯಲ್ಲಿ ಕೊಳವೆಬಾವಿ ಹಾಗೂ ಹನಿ ನೀರಾವರಿಯನ್ನು ನಂಬಿ ದಾಳಿಂಬೆಯತ್ತ ಹೊರಳಿದ ರೈತರಿದ್ದಾರೆ. ಈ ಹಣ್ಣಿಗೆ ವಿದೇಶಗಳಲ್ಲಿ ಬೇಡಿಕೆ ಇದೆ. ಆದರೆ ಗಾತ್ರ, ಬಣ್ಣ, ರುಚಿ ಎಲ್ಲವೂ ಸರಿಯಿದ್ದರೂ ಪ್ರಯೋಗಾಲಯದ ಒಂದು ವರದಿ ಹಣ್ಣನ್ನು ಹಡಗು ಹತ್ತದಂತೆ ತಡೆಯಬಲ್ಲದು. ಕಾರಣ, ಅದರಲ್ಲಿ ಉಳಿದಿರುವ ಕೀಟನಾಶಕದ ಶೇಷ.

ಏನಿದು ಶೇಷ ಮಿತಿ?

ಒಂದು ಕಿಲೋ ಹಣ್ಣಿನಲ್ಲಿ ಯಾವ ರಾಸಾಯನಿಕ ಎಷ್ಟು ಮಿಲಿಗ್ರಾಂ ಉಳಿದಿರಬಹುದು ಎಂಬುದೇ ಗರಿಷ್ಠ ಶೇಷ ಮಿತಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಜೊತೆಗೂಡಿ 1963ರಲ್ಲಿ ಸ್ಥಾಪಿಸಿದ ಕೋಡೆಕ್ಸ್ ಆಯೋಗ ಇಂತಹ ಮಿತಿಗಳನ್ನು ಶಿಫಾರಸು ಮಾಡುತ್ತದೆ. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ, ವೈಜ್ಞಾನಿಕ ಆಧಾರ ನೀಡಿ ಇನ್ನೂ ಬಿಗಿಯಾದ ಮಿತಿ ವಿಧಿಸಲು ಆಮದು ದೇಶಗಳಿಗೆ ಸ್ವಾತಂತ್ರ್ಯವಿದೆ.

ಯೂರೋಪ್ ಒಕ್ಕೂಟ 2008ರ ಸೆಪ್ಟೆಂಬರಿನಿಂದ ತನ್ನ ಎಲ್ಲ ಸದಸ್ಯ ದೇಶಗಳಿಗೂ ಒಂದೇ ನಿಯಮ ಜಾರಿಗೆ ತಂದಿತು. ಪ್ರತ್ಯೇಕ ಮಿತಿ ನಿಗದಿಯಾಗದ ರಾಸಾಯನಿಕಕ್ಕೆ ಅಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮಾತ್ರ ಅವಕಾಶ. ಅಂದರೆ ಒಂದು ಟನ್ ಹಣ್ಣಿನಲ್ಲಿ 10 ಮಿಲಿಗ್ರಾಂ.

ಎರಡು ನಿಯಮಗಳ ನಡುವೆ

ರೈತನ ಸಂಕಟ ಆರಂಭವಾಗುವುದು ಇಲ್ಲಿಯೇ. ಊರಿನ ಅಂಗಡಿಯಲ್ಲಿ ಕಾನೂನುಬದ್ಧವಾಗಿ ದೊರೆಯುವ ಔಷಧಿ ಹಣ್ಣು ಹೋಗಿ ಇಳಿಯುವ ದೇಶದಲ್ಲಿ ನಿಷಿದ್ಧವಾಗಿರಬಹುದು. ಭಾರತದಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಕ್ಲೋರೊಪೈರಿಫಾಸ್‌ನ ಅನುಮತಿಯನ್ನು ಯೂರೋಪ್ 2020ರ ಜನವರಿಯಲ್ಲಿ ನವೀಕರಿಸಲಿಲ್ಲ. ಅದೇ ವರ್ಷ ನವೆಂಬರಿನಿಂದ ಅದರ ಮಿತಿಯನ್ನು 0.01ಕ್ಕೆ ಇಳಿಸಿತು. ಭತ್ತದ ಬೆಂಕಿ ರೋಗಕ್ಕೆ ಸಿಂಪಡಿಸುವ ಟ್ರೈಸೈಕ್ಲಜೋಲ್‌ಗೆ ಅಕ್ಕಿಯಲ್ಲಿದ್ದ 1 ಮಿಲಿಗ್ರಾಂ ಮಿತಿಯನ್ನೂ 2017ರಲ್ಲಿ ಇದೇ ಮಟ್ಟಕ್ಕೆ ತಂದಿತ್ತು. ಮಿತಿ ಇಷ್ಟು ಸಣ್ಣದಾದಾಗ ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬಂದ ಔಷಧಿಯೂ ತೋಟದ ಹಣ್ಣಿಗೆ ಮುಳುವಾಗಬಲ್ಲದು.

ದಾಳಿಂಬೆಗೆ ಇನ್ನೊಂದು ಕಂಟಕ ದುಂಡಾಣು ಅಂಗಮಾರಿ ರೋಗ. ಇದರ ಹತೋಟಿಗೆ ಬೆಳೆಗಾರರು ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೈವಿಕವನ್ನು ವ್ಯಾಪಕವಾಗಿ ಬಳಸಿದ್ದರು. ಕೃಷಿಯಲ್ಲಿ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಆದೇಶವನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಹೀಗಾಗಿ ರೋಗಪೀಡಿತ ಕೊಂಬೆ ಸವರುವುದು, ಬಿದ್ದ ಎಲೆ-ಹಣ್ಣು ಆರಿಸಿ ಸುಡುವುದು, ರೋಗಮುಕ್ತ ಸಸಿ ನೆಡುವುದು ಮೊದಲಿಗಿಂತ ಮುಖ್ಯವಾಗಿವೆ.

ದ್ರಾಕ್ಷಿ ಕಲಿಸಿದ ಪಾಠ

ನಿಯಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2010ರ ದ್ರಾಕ್ಷಿ ಪ್ರಕರಣ ಸಾಕ್ಷಿ. ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಪತ್ತೆಯಾಗಿ ಭಾರತದ ದ್ರಾಕ್ಷಿ ಯೂರೋಪಿನ ಬಂದರುಗಳಲ್ಲೇ ಸಿಲುಕಿತು. ರಫ್ತುದಾರರಷ್ಟೇ ಅಲ್ಲ, ಬೆಳೆಗಾರರೂ ನಷ್ಟ ಅನುಭವಿಸಿದರು.

ತೋಟಗಳನ್ನು ನೋಂದಾಯಿಸಿ, ಕೊಯ್ಲಿಗೆ ಮುನ್ನ ಮಾದರಿ ಪರೀಕ್ಷಿಸುವ 'ಗ್ರೇಪ್‌ನೆಟ್' ವ್ಯವಸ್ಥೆಯನ್ನು ರಫ್ತು ಅಭಿವೃದ್ಧಿ ಪ್ರಾಧಿಕಾರ ಎಪಿಡಾ 2006ರಲ್ಲೇ ಆರಂಭಿಸಿತ್ತು. ಅದೇ ಮಾದರಿಯಲ್ಲಿ ದಾಳಿಂಬೆಗೆ 'ಅನಾರ್‌ನೆಟ್' ಬಂದಿತು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ರಾಷ್ಟ್ರಮಟ್ಟದ ಮೇಲ್ವಿಚಾರಣಾ ಪ್ರಯೋಗಾಲಯವಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೂ ಕೀಟನಾಶಕ ಶೇಷ ವಿಶ್ಲೇಷಣಾ ಪ್ರಯೋಗಾಲಯ ಇರುವುದು ಈ ಭಾಗದ ಬೆಳೆಗಾರರಿಗೆ ಅನುಕೂಲ.

ಕೊನೆಯ ಕೆಲವು ದಿನಗಳು

ಪರೀಕ್ಷೆ ಶೇಷವನ್ನು ಪತ್ತೆ ಮಾಡೀತೇ ಹೊರತು ತೆಗೆದುಹಾಕದು. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಕಾಯಬೇಕೆಂಬ ಸೂಚನೆಯನ್ನು ಔಷಧಿಯ ಜೊತೆಗಿನ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಬೆಲೆ ಏರಿತೆಂದೋ ಮಳೆ ಬಂದೀತೆಂದೋ ಅವಸರದಲ್ಲಿ ಹಣ್ಣು ಕಿತ್ತರೆ ಅಷ್ಟೂ ದಿನಗಳ ಶ್ರಮ ವ್ಯರ್ಥ. ಸಿಂಪಡಿಸಿದ ಔಷಧಿ, ಪ್ರಮಾಣ, ದಿನಾಂಕಗಳನ್ನು ಬರೆದಿಡುವ ಪುಸ್ತಕವೇ ರಫ್ತು ಬೆಳೆಗಾರನಿಗೆ ಆಸರೆ.

ಇದು ಹಳ್ಳಿಯ ರೈತನಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ರಫ್ತಿಗೆ ಒಲ್ಲದ ಹಣ್ಣು ಕೊನೆಗೆ ತಲುಪುವುದು ನಮ್ಮ ನಗರಗಳ ಮಾರುಕಟ್ಟೆಯನ್ನೇ. ದೇಶದೊಳಗೂ ಶೇಷ ಮಿತಿಗಳಿವೆ. ಆದರೆ ರಫ್ತಿನ ಹಣ್ಣಿನಂತೆ ತೋಟವಾರು ಪರೀಕ್ಷೆ ಇಲ್ಲಿ ಕಡ್ಡಾಯವಲ್ಲ. ಯೂರೋಪಿನ ಗ್ರಾಹಕನಿಗೆ ಸಿಗುವ ಖಾತರಿ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಗ್ರಾಹಕನಿಗೂ ಸಿಗಬೇಕಾದರೆ ಇಂತಹ ಪರೀಕ್ಷೆ ದೇಶೀಯ ಮಾರುಕಟ್ಟೆಗೂ ವಿಸ್ತರಿಸಬೇಕಾಗುತ್ತದೆ.