ಲಿನಕ್ಸ್ ಲ್ಯಾಪ್‌ಟಾಪ್: ಯಾವ ಗ್ರಾಫಿಕ್ಸ್, ಯಾವಾಗ?

ನಾಗಪುರದ ಧರಮಪೇಠ, ಮೇ ತಿಂಗಳು, ಹೊರಗೆ 45 ಡಿಗ್ರಿ. ಬರೀ ಬ್ರೌಸರ್ ತೆರೆದಿದ್ದರೂ ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್ ಫ್ಯಾನ್ ಭರ್ರೋ ಅಂತಿದೆಯಾ? ಒಳಗಿನ ಎನ್ವಿಡಿಯಾ ಗ್ರಾಫಿಕ್ಸ್ ಚಿಪ್ ಸುಮ್ಮನೆ ಓಡ್ತಿರಬಹುದು.

ಇಂಥ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಎರಡು. ಪ್ರೊಸೆಸರ್ ಜೊತೆಗೇ ಬರೋದು ಇಂಟಿಗ್ರೇಟೆಡ್: ಬ್ಯಾಟರಿ ಉಳಿಸುತ್ತೆ. ಬೇರೆ ಚಿಪ್ ಆಗಿರೋದು ಡಿಸ್ಕ್ರೀಟ್: ಗೇಮ್, ತ್ರೀಡಿ ಕೆಲಸಕ್ಕೆ.

2012ರಲ್ಲಿ ಫಿನ್‌ಲೆಂಡ್‌ನ ವೇದಿಕೆಯಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಎನ್ವಿಡಿಯಾಗೆ ನಡುಬೆರಳು ತೋರಿಸಿದ್ದು ಇವೆರಡರ ನಡುವಿನ ಅದಲುಬದಲು ತಾಪತ್ರಯದ ಪ್ರಶ್ನೆಗೆ! ಈಗ ಕೆಲಸ ಸುಲಭ.

ಉಬುಂಟುನಲ್ಲಿ ಎನ್ವಿಡಿಯಾ ಡ್ರೈವರ್ ಇದ್ದರೆ, ಟರ್ಮಿನಲ್‌ನಲ್ಲಿ 'ಪ್ರೈಮ್-ಸೆಲೆಕ್ಟ್ ಕ್ವೆರಿ' ಕೊಡಿ. ಈಗಿನ ಮೋಡ್ ಗೊತ್ತಾಗುತ್ತೆ. ಬದಲಿಸೋಕೆ: 'ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್'. ಆಮೇಲೆ ರೀಬೂಟ್.

ಇನ್ನು ಡೆಸ್ಕ್‌ಟಾಪ್ ಪೂರ್ತಿ ಇಂಟಿಗ್ರೇಟೆಡ್ ಮೇಲೆ. ಭಾರೀ ಆಪ್ ಇದ್ದರೆ ಮಾತ್ರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ರೀಟ್ ಕಾರ್ಡ್ ಆಯ್ಕೆ ಒತ್ತಿ.

'ಇಂಟೆಲ್' ಮೋಡ್ ಹಾಕಿದರೆ ಎನ್ವಿಡಿಯಾ ಪೂರ್ತಿ ಬಂದ್. ಆದರೆ ಹುಷಾರ್: ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಸೇರಿರೋದೇ ಎನ್ವಿಡಿಯಾ ಚಿಪ್‌ಗೆ. ಆಗ ಹೊರಗಿನ ಮಾನಿಟರ್‌ಗೆ ಚಿತ್ರವೇ ಬರಲ್ಲ.

ದಿನನಿತ್ಯಕ್ಕೆ ಆನ್-ಡಿಮ್ಯಾಂಡ್, ರೈಲು ಪ್ರಯಾಣಕ್ಕೆ ಇಂಟೆಲ್. ಇವತ್ತೇ ಕ್ವೆರಿ ಕೊಟ್ಟು ನೋಡಿ, ನಿಮ್ಮದು ಯಾವ ಮೋಡ್ ಅಂತ ಕಮೆಂಟ್ ಮಾಡಿ.